ಎಳೆ ಸುಟ್ಟು ನೋಡುವ ಚಿಕ್ಕಪ್ಪ

ನಮ್ಮ ಚಿಕ್ಕಪ್ಪನನ್ನು ಮದುವೆಗೆ ಕರೆಯುವವರು ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟುಕೊಂಡೇ ಕರೆಯಬೇಕು! ಹಾಗಂತ ಅವರೇನೂ ಕೊಳ್ಳಿ ಇಡುವವರಲ್ಲ ಪಾಪ. ದೊಡ್ಡಬಳ್ಳಾಪುರದಲ್ಲಿ ಎರಡು ಮಗ್ಗ ಓಡಿಸುವ ಸಾಧು ಮನುಷ್ಯ. ಆದರೆ ಹೊಸ ಸೀರೆ ಕಂಡರೆ ಸಾಕು, ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು ಮೂಸಬೇಕು. ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ನಕಲಿ.

ಸಾಸಲು ಹಳ್ಳಿಯ ಒಂದು ಮದುವೆಯಲ್ಲಿ ತಟ್ಟೆಯಲ್ಲಿದ್ದ ಧಾರೆ ಸೀರೆಯ ಎಳೆ ಸುಟ್ಟು, "ಅಯ್ಯೋ, ಬರೀ ಕಾಗದ ಕಣ್ರಪ್ಪಾ!" ಎಂದು ಕೂಗಿಬಿಟ್ಟರು. ಬೀಗರು ಕೆಂಡವಾದರು. ವಿಚಾರಿಸಿದರೆ ಆ ಸೀರೆ ನೇಯ್ದದ್ದು ಚಿಕ್ಕಪ್ಪನದೇ ಮಗ್ಗದಲ್ಲಿ!

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಹೊಟ್ಟೆನೋವು, ರಕ್ತಭೇದಿ ಶುರುವಾಯಿತು. ನಮ್ಮೂರ ಡಾಕ್ಟರು ಕರುಳಿನ ಟಿಬಿ ಎಂದರು. ಐದು ತಿಂಗಳು ಮಾತ್ರೆ ನುಂಗಿದರೂ ರವಿಕೆ ಜೋಲುವಷ್ಟು ಇಳಿದುಹೋದೆ. "ಇವಳು ಮಾತ್ರೆ ಎಸೀತಿದಾಳೆ" ಎಂದು ಹೆತ್ತಮ್ಮನೇ ಅಂದಾಗ ಅತ್ತುಬಿಟ್ಟೆ.

"ಅತ್ತಿಗೆ, ಹುಡುಗಿ ನುಂಗ್ತಿದಾಳೆ. ರೋಗಾನೇ ಬೇರೆ ಇರ್ಬೇಕು. ನಡಿಯಮ್ಮ ಬೆಂಗಳೂರಿಗೆ!" ಎಂದರು ಚಿಕ್ಕಪ್ಪ. ನನ್ನನ್ನು ನಂಬಿದವರು ಅವರೊಬ್ಬರೇ.

ಅಲ್ಲಿನ ಡಾಕ್ಟರು ಕೊಳವೆ ಇಳಿಸಿ ಕರುಳಿನ ಚೂರು ತೆಗೆದರು. "ಕ್ರೋನ್ಸ್ ಅಂತ ಇನ್ನೊಂದು ಕಾಯಿಲೆ ಇದೆ. ಅದೂ ಟಿಬಿನೂ ನೋಡೋಕೆ ಹೆಚ್ಚುಕಮ್ಮಿ ಒಂದೇ ಥರ. ಅದಕ್ಕೇ ಈ ಚೂರಲ್ಲಿ ಟಿಬಿ ಕ್ರಿಮಿಯ ಡಿಎನ್‌ಎ ಎಳೆ ಇದೆಯಾ ಅಂತ ಹುಡುಕೋ ಹೊಸ ಪರೀಕ್ಷೆ ಮಾಡಿಸೋಣ" ಎಂದರು.

ಚಿಕ್ಕಪ್ಪ ಕುರ್ಚಿಯಿಂದ ಎಗರಿದರು. "ಎಳೆ ನೋಡಿ ಹೇಳೋದಾ! ಮೂವತ್ತು ವರ್ಷದಿಂದ ನಾನು ಮಾಡ್ತಿರೋದೂ ಅದೇ ಅಲ್ವಾ ಸಾರ್! ಸುಟ್ಟು ಮೂಸ್ತೀರಾ?"

"ಇಲ್ಲ ಯಜಮಾನರೇ, ಸುಡಲ್ಲ!"

ಪರೀಕ್ಷೆ ಮಾಡುವ ಲ್ಯಾಬು ಊರಿನ ಇನ್ನೊಂದು ತುದಿಯಲ್ಲಿ. ಬೇರೆ ಯಾರ ಕೈಗೂ ಕೊಡಲೊಪ್ಪದ ಚಿಕ್ಕಪ್ಪ, ಐಸ್ ತುಂಬಿದ ಫ್ಲಾಸ್ಕನ್ನು ಎದೆಗವಚಿಕೊಂಡು ನನ್ನೊಂದಿಗೆ ಸಿಟಿ ಬಸ್ಸು ಹತ್ತಿದರು. ಪಕ್ಕದ ಸೀಟಿನವನು, "ಏನ್ ಗುರುವೇ, ಕಾಫಿನಾ?" ಎಂದ.

"ನಮ್ಮ ಹುಡುಗಿ ಕರುಳು ಕಣಪ್ಪಾ!"

ನಿಂತಿದ್ದ ನನಗೆ ಕೂರಲು ಜಾಗ ಸಿಕ್ಕಿತು!

ವಾರದ ನಂತರ ವರದಿ ಬಂತು. ಟಿಬಿಯ ಎಳೆ ಇಲ್ಲ! "ಇದೊಂದನ್ನೇ ನಂಬಿ ಹೇಳ್ತಿಲ್ಲ. ಐದು ತಿಂಗಳ ಮಾತ್ರೆಗೂ ಬಗ್ಗಿಲ್ಲ, ಕರುಳಿನ ಹುಣ್ಣಿನ ರೀತಿನೂ ಕ್ರೋನ್ಸ್ ಕಡೆಗೇ ಇದೆ. ಇದು ಕ್ರೋನ್ಸೇ" ಎಂದು ಡಾಕ್ಟರು ಔಷಧಿ ಬದಲಿಸಿದರು. ಮೂರೇ ವಾರ! ನಾನು ಬಾಯಿಬಿಟ್ಟು ಮುದ್ದೆ ಕೇಳಿ ಉಂಡೆ. ಚಿಕ್ಕಪ್ಪ ಮಗ್ಗ ನಿಲ್ಲಿಸಿ ಇಡೀ ಬೀದಿಗೆ ಸುದ್ದಿ ಹಂಚಿದರು.

ಮತ್ತೆ ತೋರಿಸಲು ಹೋದಾಗ, ಎಲ್ಲ ಮುಗಿದರೂ ಚಿಕ್ಕಪ್ಪ ಕುರ್ಚಿ ಬಿಟ್ಟು ಏಳಲಿಲ್ಲ.

"ಸಾರ್, ಹಳೇ ಚೂರಲ್ಲೂ ಎಳೆ ಸಿಗ್ತದಾ?"

"ಯಾರದು?"

"ನಮ್ಮನೆಯವಳದ್ದು. ಅವಳಿಗೂ ಹಿಂಗೇ ಹೊಟ್ಟೆ. ಆಗ್ಲೂ ಚೂರು ತೆಗೆದು ಟಿಬಿ ಅಂದಿದ್ರು. ತೀರ್ಕೊಂಡು ಹನ್ನೊಂದು ವರ್ಷ ಆಯ್ತು."

ಡಾಕ್ಟರು ಮೆಲ್ಲಗೆ, "ಈಗ ತಿಳ್ಕೊಂಡು ಏನ್ ಮಾಡ್ತೀರಿ?" ಎಂದರು.

"ಏನಿಲ್ಲ ಸಾರ್. ಅವಳು, ದಿನಾ ಮಾತ್ರೆ ನುಂಗ್ತಿದೀನಿ, ಆದ್ರೂ ವಾಸಿ ಆಗ್ತಿಲ್ಲ ಅಂತಿದ್ಲು. ನಾನು ನಂಬಲಿಲ್ಲ. ದಿನಾ ಬಾಯಿ ತೆಗೆಸಿ ನೋಡ್ತಿದ್ದೆ."

ನಾನು ಚಿಕ್ಕಪ್ಪನ ಕೈ ಹಿಡಿದುಕೊಂಡು ಕುಳಿತೆ.