ಒಂದೇ ಒಂದು ದೂರು

ಅಮೆರಿಕದ ಡುಲೂತ್‌ನ ವಿಮಾ ಕಚೇರಿಯಲ್ಲಿ ಅರ್ನೋ ಹೆಕ್ಕಿಲಾನ ಮಾನ ಹೋದದ್ದು ಬೆಳಗಿನ ಕಾಫಿಯ ಹೊತ್ತಿಗೆ. ಸರೋವರದ ಮಂಜುಗಡ್ಡೆ ಎಷ್ಟು ದಪ್ಪವಿದೆ, ಮೇಲೆ ಕೂತು ಮೀನು ಹಿಡಿಯಬಹುದೇ ಎಂದು ಹೇಳುವ ಪುಟ್ಟ ತಂತ್ರಾಂಶವೊಂದನ್ನು ಅವನು ಬರೆದಿದ್ದ. ಸ್ವಯಂಸೇವಕರು ನಡೆಸುವ ಉಚಿತ ತಂತ್ರಾಂಶಗಳ ಭಂಡಾರದಲ್ಲಿ ಅದಕ್ಕೊಂದು ಜಾಗವಿತ್ತು, ಕೆಳಗೆ ಅವನ ಹೆಸರಿತ್ತು. ಜಗತ್ತಿನಲ್ಲಿ ಆ ಹೆಸರು ಅಚ್ಚಾಗಿದ್ದದ್ದು ಅಲ್ಲೊಂದೇ ಕಡೆ. ಅದನ್ನು ಹೇಳಿಕೊಳ್ಳದ ದಿನವಿರಲಿಲ್ಲ.

ಆ ಕೊರೆತ ತಾಳಲಾರದೆ ಪಕ್ಕದ ಮೇಜಿನ ಮಾರ್ಲಿಸ್ ಕೊನೆಗೂ ಅದನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು. ತೆರೆಯ ಮೇಲೆ ಹಳದಿ ಸಾಲೊಂದು ಬಂತು. ‘ಎಚ್ಚರಿಕೆ: ಈ ತಂತ್ರಾಂಶ ಗೊತ್ತುಪಡಿಸಿದ ಕಡತಕೋಶಗಳ ಹೊರಗೆ ಕಡತಗಳನ್ನು ಇಡುತ್ತಿದೆ’ ಎಂದು ಇಡೀ ಕಚೇರಿಗೆ ಕೇಳುವಂತೆ ಓದಿದಳು.

“ಅಂದ್ರೆ ಬಂದ ನೆಂಟ ಹಸಿ ಬೂಟು ಬಿಚ್ಚಿ ನಮ್ಮ ಹಾಸಿಗೆ ಮೇಲಿಟ್ಟ ಹಾಗೆ. ಅಲ್ವೇನೋ ಅರ್ನೋ?”

ಎಚ್ಚರಿಕೆ ಹೊಸದಲ್ಲ. ಥಂಡರ್ ಬೇ ಊರಿನ ಯಾರೋ ಅದರ ಬಗ್ಗೆ ಭಂಡಾರದಲ್ಲಿ ದೂರು ಕೊಟ್ಟು ವರ್ಷಗಳೇ ಆಗಿದ್ದವು. ನಾಳೆ ನೋಡೋಣ ಎಂದು ಅರ್ನೋ ತಳ್ಳುತ್ತಲೇ ಬಂದಿದ್ದ. ಇಂದು ಮಾರ್ಲಿಸ್ ಬಿಡಲಿಲ್ಲ.

ಅವನು ಕಡತಗಳನ್ನು ಸರಿಯಾದ ಕೋಶಕ್ಕೆ ಸಾಗಿಸಿದ. ಅವು ಸಿಗದೆ ತಂತ್ರಾಂಶ ಕಂಗಾಲಾಗಿ, ಜನವರಿಯಲ್ಲಿ ಸರೋವರ ಪೂರ್ತಿ ಕರಗಿದೆ ಎಂದಿತು. ಹಿಂದಿನ ಮೇಜಿನ ಡ್ವೇನ್ ಈಜುಚಡ್ಡಿ ತರಲೇ ಎಂದು ಕೇಳಿದ. ಸುಮ್ಮನೆ ಆ ಹಳದಿ ಸಾಲನ್ನೇ ಮುಚ್ಚಿಹಾಕು ಎಂದು ಸಲಹೆಯನ್ನೂ ಕೊಟ್ಟ. ಅದು ಮೋಸ ಎಂದಳು ಮಾರ್ಲಿಸ್. ಇಬ್ಬರೂ ಅವನ ಕುರ್ಚಿಯ ಹಿಂದೆಯೇ ನಿಂತು ಕಿತ್ತಾಡುವಾಗ ಅವನ ಊಟದ ಡಬ್ಬಿಯಲ್ಲಿದ್ದ ಹಾಟ್‌ಡಿಶ್ ತಣ್ಣಗಾಯಿತು. ಗದ್ದಲ ಕೇಳಿ ಬಂದ ಮೇಲಧಿಕಾರಿ ಅರ್ನೋನ ಲೆಕ್ಕಕ್ಕೆ ಮಾತ್ರ ಅರ್ಧ ದಿನದ ರಜೆ ಬರೆದುಕೊಂಡು ಹೋದ.

ಕಡತಗಳ ಹೊಸ ಜಾಗವನ್ನು ತಂತ್ರಾಂಶಕ್ಕೂ ತಿಳಿಸಿದ ಮೇಲೆ, ಸಂಜೆಗೆ ಹಳದಿ ಸಾಲು ತಾನಾಗಿಯೇ ಮಾಯವಾಯಿತು. ಹಳೆಯ ದೂರಿಗೂ ‘ಪರಿಹಾರವಾಗಿದೆ’ ಎಂದು ಮುದ್ರೆ ಒತ್ತಿ, ಅರ್ನೋ ಹೊಸ ಆವೃತ್ತಿ ಕಳಿಸಿದ. ಅವನಿಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಎಲ್ಲರಿಗೂ ತೋರಿಸೋಣವೆಂದು ಸ್ವಲ್ಪ ಹೊತ್ತಿನ ಮೇಲೆ ಭಂಡಾರ ತೆರೆದರೆ ತಂತ್ರಾಂಶವೇ ಇಲ್ಲ. ಹೆಸರೂ ಇಲ್ಲ.

ಭಂಡಾರ ನೋಡಿಕೊಳ್ಳುವ ವಿನಿಪೆಗ್‌ನ ಲೊರೇನ್‌ಗೆ ಫೋನು ಹಚ್ಚಿದ.

“ಯಾರೂ ಬಳಸದ್ದನ್ನ ತೆಗೆದುಹಾಕೋ ದಿನ ಕಣಪ್ಪ ಇವತ್ತು,” ಎಂದಳು ಆಕೆ. “ದೂರು ಬಾಕಿ ಇದ್ರೆ ಯಾರೋ ಬಳಸ್ತಿದ್ದಾರೆ ಅಂತ ನಮ್ಮ ಲೆಕ್ಕ. ನಿಂದಕ್ಕೆ ಇದ್ದದ್ದೇ ಒಂದು. ಅದನ್ನೂ ನೀನೇ ಮುಗಿಸ್ಬಿಟ್ಟೆ.”

“ನಾನು ಬಳಸ್ತೀನಲ್ಲ.”

“ಬರೆದೋನು ಲೆಕ್ಕಕ್ಕಿಲ್ಲ. ಬೇರೆ ಯಾರಾದ್ರೂ ಈಗ್ಲೇ ಒಂದು ದೂರು ಕೊಡ್ಲಿ, ವಾಪಸ್ ಹಾಕ್ತೀನಿ.”

ಅರ್ನೋ ಮಾರ್ಲಿಸ್‌ಳ ಕಡೆ ತಿರುಗಿ, ಒಂದೇ ಒಂದು ದೂರು ಬರೆದುಕೊಡೆಂದು ಅಂಗಲಾಚಿದ. ಅವಳು ಕೋಟಿನ ಒಂದು ತೋಳು ತೊಟ್ಟವಳು ಹಾಗೆಯೇ ಬಗ್ಗಿ, ತಂತ್ರಾಂಶವನ್ನು ಮೇಲೆ ಕೆಳಗೆ ಜಾಲಾಡಿದಳು.

“ಸುಳ್ಳು ಹೇಗಪ್ಪಾ ಬರೀಲಿ? ಈಗ ಒಂದು ತಪ್ಪೂ ಇಲ್ವಲ್ಲ.”