ಕುಡ್ ಎನ್ನಲು ಒಬ್ಬ ಸಾಕ್ಷಿ ಬೇಕು

ನನ್ನ ಬಗ್ಗೆ ನಾನೇ ಹೇಳಿಕೊಳ್ಳುವುದರಲ್ಲಿ ನನಗೆ ಎಂದೂ ಸಂಕೋಚವಾದದ್ದಿಲ್ಲ. ನಮ್ಮ ಕುಟುಂಬದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಇದನ್ನು ಕೇಳಿದವರಿಗೂ ಹೇಳಿದ್ದೇನೆ, ಬಸ್ಸಿನಲ್ಲಿ ನನ್ನ ಪಕ್ಕ ಬಂದು ಕೂತ ತಪ್ಪಿಗೆ ಎಷ್ಟೋ ಜನರಿಗೆ ಅವರು ಕೇಳದಿದ್ದರೂ ಹೇಳಿದ್ದೇನೆ. ಮೂಡುಬಿದಿರೆಯ ಹೋಟೆಲೊಂದರಲ್ಲಿ ಬೆಳಿಗ್ಗೆ ಟೇಬಲ್ ಒರೆಸಿ, ಕೈಯಿಂದ ಸಾಂಬಾರಿನ ವಾಸನೆ ಹೋಗುವ ಮೊದಲೇ ಕಾಲೇಜಿನ ಬೆಂಚಿನಲ್ಲಿ ಕೂತು ಕಲಿತ ಇಂಗ್ಲಿಷ್ ನನ್ನದು. ಬಚ್ಚಿಡಲು ಅದೇನು ಕದ್ದ ಮಾಲೇ? ತಾನು ಮಾಡಿದ್ದನ್ನು ತಾನೇ ಮಾಡಿದೆ ಎನ್ನಲು ಬಾಯಿ ಬರದ ಜನ ಇದ್ದಾರೆಂದು ನನಗೆ ತಿಳಿದದ್ದು, ಗುರುವಾಯನಕೆರೆಯ ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಮಾತಾಡಲು ಕಲಿಸತೊಡಗಿದ ಮೇಲೆಯೇ.

ಒಂದು ಸಂಜೆಯ ಪಾಠ, ಹಿಂದೆ ನಮ್ಮಿಂದ ಆಗುತ್ತಿದ್ದ ಕೆಲಸಗಳನ್ನು ಇಂಗ್ಲಿಷಿನಲ್ಲಿ ಹೇಳುವುದು. ಬೋರ್ಡಿನ ಮೇಲೆ ‘ಕುಡ್’ ಎಂದು ಬರೆದು, ಮಾದರಿಗೆಂದು ‘ಐ ಕುಡ್ ರನ್ ವೆರಿ ಫಾಸ್ಟ್’ ಎಂದೆ. ಓಡಿದ್ದು ಸುಳ್ಳಲ್ಲ; ಹೆಚ್ಚಾಗಿ ಬಸ್ಸಿನ ಹಿಂದೆ. ಮೊದಲು ಎದ್ದವರು ಬೀಡಿ ಕಟ್ಟುವ ಜಯಂತಿ. “ಮೈ ಅಕ್ಕ ಕುಡ್ ಸಿಂಗ್” ಎಂದರು.

“ಅಕ್ಕನದ್ದು ಬೇಡ ಮಾರಾಯ್ರೆ, ನಿಮ್ಮದು ಹೇಳಿ.”

“ನನ್ನದೆಂತ ಉಂಟು ಮಾಸ್ಟ್ರೇ ಹೇಳ್ಲಿಕ್ಕೆ?”

ಹೊಳೆ ಬದಿಯ ನರಿಕೊಂಬಿನಿಂದ ಬರುವ ಒಬ್ಬರು ‘ಐ ಕುಡ್ ಸ್ವಿಮ್’ ಎಂದವರೇ ಗಾಬರಿಯಾಗಿ, “ಬೇಕಾದ್ರೆ ನಮ್ಮ ದೋಣಿಯವರ ಹತ್ರ ಕೇಳಿ” ಎಂದು ಸೇರಿಸಿದರು. ಕೊನೆಗೆ ಹಮೀದ್ ಎದ್ದ. ಕಕ್ಕಿಂಜೆಯವನು, ಮದುವೆ ಮನೆಗಳ ಅಡುಗೆಯವನು. ನನ್ನ ಪಾಠ ನಿಜಕ್ಕೂ ಬೇಕಾಗಿದ್ದದ್ದು ಅವನಿಗೆ. ಮಳೆ ಹಿಡಿಯಿತೆಂದರೆ ಮದುವೆಗಳಿಲ್ಲ, ಮದುವೆಗಳಿಲ್ಲದಿದ್ದರೆ ಹಮೀದನ ಮನೆಯ ಒಲೆಗೂ ಹೆಚ್ಚು ಕೆಲಸವಿಲ್ಲ. ಗಲ್ಫಿನ ಹೋಟೆಲೊಂದರವರು ಫೋನಿನಲ್ಲಿಯೇ ಮುಖ ನೋಡಿ ಸಂದರ್ಶನ ಮಾಡುತ್ತೇವೆಂದಿದ್ದರು. ಹಿಂದೆ ಏನೇನು ಮಾಡಬಲ್ಲವನಾಗಿದ್ದೆ ಎಂದು ಅವರು ಕೇಳಿಯೇ ಕೇಳುತ್ತಾರೆ. “ಐ ಕುಡ್ ಕುಕ್ ಫಾರ್ ಎ ಬಿಗ್ ವೆಡ್ಡಿಂಗ್, ಹೇಳು” ಎಂದೆ. ಹಮೀದ್ ನಾಲಿಗೆ ಕಚ್ಚಿಕೊಂಡ.

“ನಾನು ಹೇಳುವುದಾ? ಅಡುಗೆ ಮಾಡಿದವ ಬಾಯಿ ಮುಚ್ಚಿಕೊಂಡು ಇರ್ಬೇಕು ಮಾಸ್ಟ್ರೇ. ಉಂಡವರು ಹೇಳ್ಬೇಕು.”

ಅದೂ ನಿಜವೇ. ನಮ್ಮ ಕಡೆಯ ಮದುವೆ ಅಡುಗೆಯವರು ಊಟ ಹೇಗಾಯಿತೆಂದು ಯಾರನ್ನೂ ಕೇಳುವುದಿಲ್ಲ. ದೊಡ್ಡ ಪಾತ್ರೆಗಳ ಪಕ್ಕದಲ್ಲಿ ಬೆವರು ಒರೆಸುತ್ತಾ ನಿಂತಿರುತ್ತಾರೆ. ಹಿರಿಯರೊಬ್ಬರು ಕೈ ತೊಳೆದು ಹಿತ್ತಲಿನ ಕಡೆ ಬಂದು ಒಂದು ಮಾತು ಹೇಳಿಹೋದರೆ ಆ ದಿನ ಸಾರ್ಥಕ. ಆದರೆ ಇದು ಅಡುಗೆಯವರ ರೀತಿಯೋ, ಊರಿನದ್ದೇ ರೀತಿಯೋ? ಕುತೂಹಲ ತಡೆಯದೆ ಮನೆಯಲ್ಲೂ ಪರೀಕ್ಷೆ ಮಾಡಿದೆ. “ಮದುವೆಗೆ ಮೊದಲು ನಿನಗೆ ಏನೇನೆಲ್ಲ ಬರ್ತಿತ್ತು?” ಎಂದು ಹೆಂಡತಿಯನ್ನು ಕೇಳಿದೆ. “ಬರ್ತಿತ್ತು ಅಂದ್ರೆ? ಈಗ ಬರುವುದಿಲ್ಲ ಅಂತ ನಿಮಗೆ ಯಾರು ಹೇಳಿದ್ದು?” ಎಂದಳು. ಅಂದಿನ ಚಹಾಕ್ಕೆ ಸಕ್ಕರೆ ಬಿದ್ದಿರಲಿಲ್ಲ. ಸಂಶೋಧನೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಹಮೀದನನ್ನು ಮಾತ್ರ ಬಿಡಲಿಲ್ಲ. ದಿನಾ ಸಂಜೆ ಅವನಿಂದ ಆ ವಾಕ್ಯವನ್ನು ಹೇಳಿಸಿದೆ. ಕೆಳಗೆ ಮೆಟ್ಟಿಲ ಮೇಲೆ ಶಾಮಿಯಾನದ ಬಾಬಣ್ಣ ಅದನ್ನೆಲ್ಲ ಕೇಳುತ್ತಾ ಕೂತಿರುತ್ತಿದ್ದ. ಹಮೀದನ ನೆರೆಮನೆಯವನು, ಪಾಠ ಮುಗಿದ ಮೇಲೆ ಅವನನ್ನು ತನ್ನ ಪಿಕಪ್ಪಿನಲ್ಲಿ ಮನೆಗೆ ಕರೆದುಕೊಂಡು ಹೋಗುವುದು ರೂಢಿ. ಹಮೀದ್ ಅಡುಗೆ ಮಾಡಿದ ಮದುವೆಗಳಿಗೆಲ್ಲ ಶಾಮಿಯಾನ ಹಾಕಿದವನೂ ಅವನೇ.

ಸಂದರ್ಶನದ ದಿನ ನಾನು ನೆಂಟರ ಗೃಹಪ್ರವೇಶಕ್ಕೆಂದು ಬಂಟ್ವಾಳಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗಲೂ ಗಮನವೆಲ್ಲ ಫೋನಿನ ಮೇಲೆ. ಮರುದಿನ ಹಮೀದ್ ಕೈಯಲ್ಲೊಂದು ಪೊಟ್ಟಣ ಹಿಡಿದು ಮೆಟ್ಟಿಲು ಹತ್ತಿ ಬಂದ.

“ಕೇಳಿದ್ರಾ, ಹಿಂದೆ ನಿನ್ನಿಂದ ಏನೇನು ಆಗ್ತಿತ್ತು ಅಂತ?”

“ಕೇಳಿದ್ರು ಮಾಸ್ಟ್ರೇ.”

“ಹೇಳಿದೆಯಾ?”

“ಐ ಕುಡ್ ಅಂದೆ. ಮತ್ತೆ ನಾಚಿಕೆ ಆಯ್ತು. ಒನ್ ಮಿನಿಟ್ ಸರ್ ಅಂತ ಹೇಳಿ ಫೋನು ಪಕ್ಕದಲ್ಲಿ ಕೂತಿದ್ದ ಬಾಬಣ್ಣನ ಕಡೆ ತಿರುಗಿಸಿದೆ.”

ನಾನು ತಲೆ ಮೇಲೆ ಕೈಹೊತ್ತು ಕೂತೆ. ಜಗತ್ತಿನಲ್ಲಿ ಯಾರಾದರೂ ಕೆಲಸದ ಸಂದರ್ಶನಕ್ಕೆ ಸಾಕ್ಷಿಯನ್ನು ಕೂರಿಸಿಕೊಳ್ಳುವುದುಂಟೇ? ಅತ್ತ ಕಡೆಯವರೂ ಅದನ್ನೇ ಕೇಳಿದರಂತೆ, ಇದೇನು ಕೋರ್ಟೇ ಎಂದು. ಬಾಬಣ್ಣ ಹಿಂದೆ ಮುಂಬಯಿಯ ಕ್ಯಾಂಟೀನಿನಲ್ಲಿದ್ದವನು. ಅಲ್ಲಿ ಕಲಿತ ಹಿಂದಿಯಲ್ಲಿ ಹಮೀದನ ಬಿರಿಯಾನಿಯನ್ನು ಹೊಗಳಿದನಂತೆ. ಅಲ್ಲಿಗೆ ನಿಲ್ಲಿಸಬೇಕಲ್ಲ! “ಆದ್ರೆ ಒಂದು ಮದುವೆಯಲ್ಲಿ ಉಪ್ಪು ಜಾಸ್ತಿ ಆಗಿತ್ತು ಸಾಹೇಬ್ರೆ. ಸಾಕ್ಷಿ ಅಂದ ಮೇಲೆ ಅದನ್ನೂ ಹೇಳ್ಬೇಕಲ್ಲ” ಎಂದುಬಿಟ್ಟನಂತೆ.

“ಮುಗಿಯಿತಲ್ಲ ಮಾರಾಯ!” ಎಂದೆ.

“ನಾನೂ ಮುಗಿಯಿತು ಅಂತಲೇ ಎಣಿಸಿದ್ದು. ಆದ್ರೆ ಅವರು, ಆಮೇಲೆ ಎಂತಾಯ್ತು ಅಂತ ಕೇಳಿದ್ರು.”

ಆಮೇಲಿನದ್ದನ್ನೂ ಬಾಬಣ್ಣ ಬಿಡಿಸಿ ಹೇಳಿದ್ದ. ದಿಬ್ಬಣ ಬಂದು ಕೂತಿತ್ತು. ಹಮೀದ್ ವಿಷಯವನ್ನು ಮುಚ್ಚಿಡದೆ ನೇರವಾಗಿ ಹುಡುಗಿಯ ಅಪ್ಪನ ಬಳಿ ಹೋಗಿ, ಉಪ್ಪು ತಪ್ಪಿದೆ, ಸ್ವಲ್ಪ ಹೊತ್ತು ಕೊಡಿ ಎಂದ. ಬಂದವರಿಗೆಲ್ಲ ಇನ್ನೊಂದು ಸುತ್ತು ಶರಬತ್ತು ಕೊಡಿಸಿದ. ಉಪ್ಪು ಹಾಕದೆ ಇನ್ನೊಂದು ಪಾತ್ರೆ ಅನ್ನ ಬೇಯಿಸಿ, ಮಸಾಲೆಗೆ ಮೊಸರು ಸೇರಿಸಿ, ಎರಡನ್ನೂ ಬೆರೆಸಿದ. ಊಟ ತಡವಾಯಿತು, ಆದರೆ ತಟ್ಟೆಯಲ್ಲಿ ಯಾರೂ ಒಂದಗುಳೂ ಬಿಡಲಿಲ್ಲ. ಹೀಗೆ ಒಂದು ದಿನ ಕಷ್ಟಕ್ಕೆ ಸಿಕ್ಕಿ ಹೇಗೋ ಪಾರಾದದ್ದಕ್ಕೆ ಇಂಗ್ಲಿಷಿನಲ್ಲಿ ‘ಕುಡ್’ ಸಾಲದು, ‘ವಾಸ್ ಏಬಲ್ ಟು’ ಎನ್ನಬೇಕು. ಅದು ಮುಂದಿನ ವಾರದ ಪಾಠ; ನಾನಿನ್ನೂ ಕಲಿಸಿಯೇ ಇರಲಿಲ್ಲ.

“ಕೆಲಸ ಸಿಕ್ಕಿತು ಮಾಸ್ಟ್ರೇ. ತಪ್ಪಾದ್ರೆ ಬಂದು ಹೇಳುವ ಜನ ಬೇಕಾಗಿತ್ತಂತೆ ಅವರಿಗೆ” ಎಂದು ಹಮೀದ್ ಪೊಟ್ಟಣ ಬಿಚ್ಚಿದ. ಒಳಗೆ ಮಿಠಾಯಿ. ನನ್ನ ಕಣ್ಣು ಸ್ವಲ್ಪ ಒದ್ದೆಯಾಯಿತು ಎಂದರೂ ನಡೆಯುತ್ತದೆ.

“ಕೊನೆಗೆ ಅವರು, ಇಂಗ್ಲಿಷ್ ಯಾರು ಕಲಿಸಿದ್ದು, ಹೇಗೆ ಕಲಿಸ್ತಾರೆ ಅಂತ ಕೇಳಿದ್ರು” ಎಂದ.

ನಾನು ನೆಟ್ಟಗೆ ಕೂತೆ. “ನೀನೆಂತ ಹೇಳಿದೆ?”

“ನಿಮ್ಮ ಶಿಷ್ಯ ನಾನು. ನಾನು ಹೇಳಿದ್ರೆ ಸರಿಯಾಗುವುದಿಲ್ಲ ಅಂತ ಪುನಃ ಫೋನು ಬಾಬಣ್ಣನಿಗೆ ಕೊಟ್ಟೆ. ಮೆಟ್ಟಿಲಲ್ಲಿ ಕೂತು ದಿನಾ ಕೇಳಿದವರಲ್ಲವಾ ಅವರು?”

“ಬಾಬಣ್ಣ ಎಂತ ಹೇಳಿದ?”

ಹಮೀದ್ ಪೊಟ್ಟಣವನ್ನು ನನ್ನ ಕಡೆ ಸರಿಸಿದ.

“ಬಾಬಣ್ಣ ಸುಳ್ಳು ಹೇಳುವ ಜನ ಅಲ್ಲ ಮಾಸ್ಟ್ರೇ. ನೀವು ಮಿಠಾಯಿ ತಗೊಳ್ಳಿ.”

ಎರಡು ತೆಗೆದು ಒಟ್ಟಿಗೇ ಬಾಯಿಗೆ ಹಾಕಿಕೊಂಡೆ. ಬಾಯಿ ತುಂಬಿದ್ದರೆ ಇನ್ನೊಂದು ಸಲ ಕೇಳಬೇಕಾಗುವುದಿಲ್ಲ.