ನಾಯಿಯ ಬಾಯಿ, ನನ್ನ ಸಂಭವನೀಯತೆ

ಗಣಿತ ಕಲಿತವನಿಗೆ ಧೈರ್ಯ ಹೆಚ್ಚು ಎಂದು ಯಾರಾದರೂ ಅಂದುಕೊಂಡಿದ್ದರೆ ಅದು ತಪ್ಪು. ಅವನಿಗೂ ಎಲ್ಲರಷ್ಟೇ ಹೆದರಿಕೆ. ಆ ಹೆದರಿಕೆಗೊಂದು ಸೂತ್ರ ಹುಡುಕಿಕೊಳ್ಳುವ ಅನುಕೂಲವಷ್ಟೇ ಹೆಚ್ಚು. ಮೈಸೂರಿನ ಕಾಲೇಜೊಂದರಲ್ಲಿ ಪಿಯುಸಿ ಮಕ್ಕಳಿಗೆ ಸಂಭವನೀಯತೆಯ ಪಾಠ ಮಾಡುತ್ತಿದ್ದ ನಾನು ಈ ಅನುಕೂಲವನ್ನು ಧಾರಾಳವಾಗಿ ಬಳಸಿಕೊಂಡವನು.

ತೊಂಬತ್ತರ ದಶಕದ ಕೊನೆಯ ಮಾತು. ಅಗ್ರಹಾರದ ನಮ್ಮ ಮನೆಯಿಂದ ಸೈಕಲ್ಲಿನಲ್ಲಿ ಕಾಲೇಜಿಗೆ ಹೊರಟಿದ್ದೆ. ಬೀದಿಯ ತಿರುವಿನಲ್ಲಿ ಕಂದು ಬಣ್ಣದ ನಾಯಿಯೊಂದು, ಒಮ್ಮೆಯೂ ಬೊಗಳದೆ, ನನ್ನ ಮೀನಖಂಡಕ್ಕೆ ಬಾಯಿ ಹಾಕಿ ತನ್ನ ಪಾಡಿಗೆ ಹೊರಟುಹೋಯಿತು. ಪ್ಯಾಂಟು ಹರಿದು ಎರಡು ಕಡೆ ಸಣ್ಣಗೆ ರಕ್ತ ಒಸರುತ್ತಿತ್ತು. ನನಗೆ ಆಗ ನೆನಪಾದದ್ದು ರೋಗವಲ್ಲ, ಹೊಕ್ಕುಳ ಸುತ್ತ ಹಾಕುತ್ತಿದ್ದ ಹದಿನಾಲ್ಕು ಇಂಜೆಕ್ಷನ್ನು. ಚಿಕ್ಕಂದಿನಲ್ಲಿ ಪಕ್ಕದ ಮನೆಯವರೊಬ್ಬರು ಅದನ್ನು ಹಾಕಿಸಿಕೊಂಡು ಹೊಟ್ಟೆ ಹಿಡಿದು ಬಗ್ಗಿ ನಡೆಯುತ್ತಿದ್ದುದನ್ನು ನೋಡಿದ್ದೆ. ತಕ್ಷಣ ಮನಸ್ಸು ಲೆಕ್ಕ ಶುರು ಮಾಡಿತು. ನಾಯಿ ಜೊಲ್ಲು ಸುರಿಸುತ್ತಿರಲಿಲ್ಲ. ಮೈಕೈ ತುಂಬಿಕೊಂಡಿತ್ತು. ನಡುವೆ ಪ್ಯಾಂಟಿನ ಬಟ್ಟೆ ಬೇರೆ ಇತ್ತು. ಒಂದೊಂದಕ್ಕೂ ಒಂದೊಂದು ಭಿನ್ನರಾಶಿ ಊಹಿಸಿಕೊಂಡು ಗುಣಿಸುತ್ತ ಹೋದೆ. ಕಾಲೇಜು ಮುಟ್ಟುವ ಹೊತ್ತಿಗೆ ಅಪಾಯ ಬಹುತೇಕ ಸೊನ್ನೆಯಾಗಿತ್ತು.

ಕುಂಟುತ್ತ ಬಂದ ನನ್ನನ್ನು ಮೊದಲು ನೋಡಿದ್ದು ಅಟೆಂಡರ್ ಸಿದ್ದರಾಜು. ಇಲವಾಲದವರು, ನನಗಿಂತ ಹತ್ತು ವರ್ಷ ದೊಡ್ಡವರು. ನಲ್ಲಿಯ ಹತ್ತಿರ ಕೂರಿಸಿ, ಸೋಪು ತಂದುಕೊಟ್ಟು, ಕಾಲು ಗಂಟೆ ಗಾಯ ತೊಳೆಸಿದರು. ಆ ಬಿಡುವಿನಲ್ಲಿ ಅವರಿಗೆ ನನ್ನ ಲೆಕ್ಕ ವಿವರಿಸಿದೆ. ನೂರು ನಾಯಿಯಲ್ಲಿ ಒಂದಕ್ಕೆ ಹುಚ್ಚಿದ್ದರೆ ಹೆಚ್ಚು ಎಂದೆ.

"ಆ ಒಂದು ಯಾವ್ದು ಅಂತ ಗೊತ್ತಾ ಸಾ?"

"ಅದು ಹೇಳೋಕಾಗಲ್ಲ ಕಣ್ರೀ."

"ಅಂಗಾದ್ರೆ ನಡೀರಿ. ಸೂಜಿ ದಂಡ ಆದ್ರೆ ಒಸಿ ನೋಯ್ತದೆ, ಅಷ್ಟೇಯ. ಆಕುಸ್ಕಳ್ದೆ ರೋಗ ಬಂದ್ಬುಟ್ರೆ ಯಾವ ಡಾಕ್ಟ್ರೂ ಉಳ್ಸಕಾಗಲ್ಲ. ನಮ್ ಚಿಕ್ಕಪ್ಪನೂ ಬರೀ ಗೀರು ಅಂದಿದ್ರು."

ಮುಂದೇನಾಯಿತೆಂದು ಕೇಳಬೇಕಾಗಿರಲಿಲ್ಲ. ಅಪಾಯ ಎಷ್ಟು ಅಪರೂಪ ಎಂದಷ್ಟೇ ಅಳೆದಿದ್ದೆ. ಬಂದರೆ ಕಳೆದುಕೊಳ್ಳುವುದೇನು ಎಂಬುದು ನನ್ನ ಲೆಕ್ಕದೊಳಕ್ಕೇ ಬಂದಿರಲಿಲ್ಲ. ಎದ್ದು ಅವರ ಹಿಂದೆ ನಡೆದೆ.

ಆಸ್ಪತ್ರೆಯಲ್ಲಿ ಡಾಕ್ಟರು, "ಈಗೆಲ್ಲ ಹೊಟ್ಟೆಗಲ್ಲ, ತೋಳಿಗೆ ಐದೇ. ಗಾಯ ತೊಳೆದದ್ದು ಒಳ್ಳೇದಾಯ್ತು" ಎಂದರು. ಐದು ಸಲವೂ ಸಿದ್ದರಾಜು ಜೊತೆಗೆ ಬಂದರು. ಒಂದು ಸಲವಂತೂ ರಜೆಯ ದಿನ, ಅದಕ್ಕೆಂದೇ ಊರಿನಿಂದ ಬಸ್ಸು ಹಿಡಿದು ಬಂದಿದ್ದರು. "ನಿಮ್ಮೊಬ್ರನ್ನೇ ಬುಟ್ರೆ ಇನ್ನೊಂದು ಲೆಕ್ಕ ಆಕ್ಬುಡ್ತೀರ ಸಾ" ಎಂದರು. ನಿಜವಾಗಿಯೂ ಹಾಕುತ್ತಿದ್ದೆ.

ಆ ನಾಯಿ ಮತ್ತೆ ಕಣ್ಣಿಗೆ ಬೀಳಲಿಲ್ಲ. ಅದಕ್ಕೆ ಹುಚ್ಚಿತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವುದಕ್ಕೆ ನಾನು ಉಳಿದಿದ್ದೇನೆ. ಅದಕ್ಕೆ ಸಿದ್ದರಾಜು ಅವರನ್ನು ದಿನಾ ನೆನೆದರೂ ಸಾಲದು.

ಮರುವರ್ಷ ಸಂಭವನೀಯತೆಯ ಪಾಠದಲ್ಲಿ ಈ ಪ್ರಸಂಗವನ್ನು ಹುಡುಗರಿಗೆ ಹೇಳಿದೆ. ನಲ್ಲಿಯ ಪಕ್ಕದಲ್ಲಿ ನಾನೇ ನಾಯಿಯನ್ನೂ ನಷ್ಟವನ್ನೂ ತೂಗಿನೋಡಿ, ನಾನೇ ತೀರ್ಮಾನಿಸಿ, ದಿಟ್ಟವಾಗಿ ಆಸ್ಪತ್ರೆಗೆ ನಡೆದಂತೆ ಹೇಳಿದೆ. ಹುಡುಗರು ಮೆಚ್ಚಿಕೊಂಡರು. ತಿರುಗಿ ನೋಡಿದರೆ ಬಾಗಿಲಲ್ಲಿ ನೋಟಿಸ್ ಪುಸ್ತಕ ಹಿಡಿದು ಸಿದ್ದರಾಜು ನಿಂತಿದ್ದರು. ಒಳಗೆ ಬಂದು ಸಹಿ ಹಾಕಿಸಿಕೊಂಡು, "ಚೆನ್ನಾಗಿ ಯೋಚ್ನೆ ಮಾಡುದ್ರಿ ಸಾ" ಎಂದು ಮೆಲ್ಲಗೆ ಹೇಳಿ ಹೋದರು.

ಆ ದಿನ ಪಾಠ ಮುಂದೆ ಸಾಗಲಿಲ್ಲ.